ಒಂದೇ ರೇಸ್, ಎರಡು ಮಾತು: ಸ್ಪೀಡ್‌ವೇ ನೋಡಿ ಬಂದವರು ಯಾಕೆ ಒಪ್ಪುವುದಿಲ್ಲ?

ಸ್ಪೀಡ್‌ವೇ ಅಂದರೆ ಮಣ್ಣಿನ ಟ್ರ್ಯಾಕ್ ಮೇಲಿನ ಬೈಕ್ ರೇಸ್. ಅದರ ದೊಡ್ಡ ಕೂಟ ಮುಗಿದ ರಾತ್ರಿ ಸ್ಟೇಡಿಯಂ ಬಾಗಿಲಲ್ಲಿ ಸುಮ್ನೆ ನಿಂತು ಜನರ ಮಾತು ಕೇಳಬೇಕು. "ಇಂಥದ್ದು ಹಿಂದೆಂದೂ ನೋಡಿರಲಿಲ್ಲ" ಎನ್ನುತ್ತ ಒಬ್ಬರು ಕುಣಿದುಕೊಂಡು ಹೊರಬರುತ್ತಾರೆ. ಅವರ ಬೆನ್ನಿಗೇ ಬಂದ ಇನ್ನೊಬ್ಬರು "ಇಷ್ಟು ದೂರ ಬಂದದ್ದು ದಂಡ, ಒಂದಾದರೂ ಒಳ್ಳೆ ಓವರ್‌ಟೇಕ್ ಇತ್ತಾ?" ಎಂದು ಮುಖ ಸಿಂಡರಿಸುತ್ತಾರೆ. ಇಬ್ಬರೂ ಕೂತದ್ದು ಒಂದೇ ಸ್ಟ್ಯಾಂಡಿನಲ್ಲಿ. ನೋಡಿದ್ದೂ ಅದೇ ರೇಸುಗಳನ್ನು. ಇಬ್ಬರ ಮಾತೂ ಸುಳ್ಳಲ್ಲ.

ಬೇರೆ ಆಟಗಳಲ್ಲೂ ಹೀಗಾಗುತ್ತದೆ, ನಿಜ. ಆದರೆ ಅಲ್ಲಿ ಸಾಮಾನ್ಯವಾಗಿ ಗೆದ್ದ ಕಡೆಯವರಿಗೆ ಖುಷಿ, ಸೋತ ಕಡೆಯವರಿಗೆ ಬೇಜಾರು. ಸ್ಪೀಡ್‌ವೇಯಲ್ಲಿ ತನ್ನ ನೆಚ್ಚಿನ ಸವಾರ ಗೆದ್ದರೂ "ಕೂಟ ಚೆನ್ನಾಗಿರಲಿಲ್ಲ" ಎನ್ನುವವರಿದ್ದಾರೆ. ಅವನು ಸೋತರೂ ತೃಪ್ತಿಯಿಂದ ಮನೆಗೆ ಹೋಗುವವರಿದ್ದಾರೆ. ಯಾಕೆ ಅಂತ ಹುಡುಕುತ್ತ ಹೋದರೆ ಉತ್ತರ ಕೊನೆಗೆ ಕಾಲಡಿಯ ಮಣ್ಣಿಗೆ ಬಂದು ನಿಲ್ಲುತ್ತದೆ. ಮಣ್ಣಿನ ಹದ ಹೇಗಿತ್ತೋ ಜನರ ಮನಸ್ಸೂ ಹಾಗೆ. ಇದು ಅರ್ಥವಾಗಲು ಮೊದಲು ಆಟ ಅರ್ಥವಾಗಬೇಕು.

ಆಟ ನೋಡಲು ಸರಳ. ಅಂಡಾಕಾರದ ಮಣ್ಣಿನ ಟ್ರ್ಯಾಕ್. ನಾಲ್ಕು ಸವಾರರು, ನಾಲ್ಕು ಸುತ್ತು. ಯಾವಾಗಲೂ ಎಡಕ್ಕೇ ತಿರುವು. ಒಂದು ರೇಸಿಗೆ ಹೆಚ್ಚುಕಮ್ಮಿ ಒಂದು ನಿಮಿಷ. ಇದನ್ನು ಹೀಟ್ ಎನ್ನುತ್ತಾರೆ. ಮೊದಲು ಬಂದವರಿಗೆ 3 ಅಂಕ, ಎರಡನೆಯವರಿಗೆ 2, ಮೂರನೆಯವರಿಗೆ 1, ಕೊನೆಯವರಿಗೆ ಸೊನ್ನೆ. ಬೈಕ್‌ನಲ್ಲಿ 500 ಸಿಸಿಯ ಒಂದೇ ಸಿಲಿಂಡರ್ ಎಂಜಿನ್, ಒಂದೇ ಗೇರ್. ಓಡುವುದು ಪೆಟ್ರೋಲ್‌ನಿಂದಲ್ಲ, ಮೆಥನಾಲ್‌ನಿಂದ. ತೂಕ 77 ಕೆ.ಜಿ.ಗಿಂತ ಕಮ್ಮಿ ಇರಬಾರದು ಎಂಬ ನಿಯಮ. ಅಂದರೆ ಬೈಕ್ ಹೆಚ್ಚುಕಮ್ಮಿ ಸವಾರನಷ್ಟೇ ತೂಗುತ್ತದೆ. ಮತ್ತೆ, ಬ್ರೇಕ್ ಇಲ್ಲ. ಮುಂದಿನ ಚಕ್ರಕ್ಕೂ ಇಲ್ಲ, ಹಿಂದಿನದಕ್ಕೂ ಇಲ್ಲ.

ಬ್ರೇಕ್ ಇಲ್ಲ ಅಂದ ಕೂಡಲೇ ಎಲ್ಲರೂ ಹುಬ್ಬೇರಿಸುತ್ತಾರೆ. ಹಾಗಾದರೆ ತಿರುವಿನಲ್ಲಿ ವೇಗ ತಗ್ಗಿಸುವುದು ಹೇಗೆ? ಬೈಕನ್ನು ಅಡ್ಡಡ್ಡ ಜಾರಿಸಿ. ಸವಾರ ತಿರುವಿಗೆ ಬರುತ್ತಲೇ ದೇಹದ ಭಾರ ಹೊರಳಿಸಿ ಹಿಂದಿನ ಚಕ್ರವನ್ನು ಹೊರಕ್ಕೆ ಜಾರಲು ಬಿಡುತ್ತಾನೆ. ಹ್ಯಾಂಡಲ್ ಬಲಕ್ಕೆ ತಿರುಗಿರುತ್ತದೆ, ಬೈಕ್ ಮಾತ್ರ ಎಡಕ್ಕೆ ಹೋಗುತ್ತಿರುತ್ತದೆ. ಎಡಗಾಲಿನ ಬೂಟಿಗೆ ಉಕ್ಕಿನ ತಳ ಕಟ್ಟಿರುತ್ತಾನೆ. ಅದನ್ನು ನೆಲಕ್ಕೆ ಊರಿ ಜಾರಿಸುತ್ತಾನೆ. ಇಲ್ಲೇ ಸೋಜಿಗ ಇರುವುದು. ತಿರುವಿನಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ತಟ್ಟನೆ ನೆಲ ಕಚ್ಚುತ್ತದೆ, ಬೈಕ್ ನೆಟ್ಟಗೆ ಎದ್ದು ಬೇಲಿ ಕಡೆಗೆ ನುಗ್ಗುತ್ತದೆ. ತಿರುಗಬೇಕಾದರೆ ಆಕ್ಸಿಲರೇಟರ್ ಕೊಡುತ್ತಲೇ ಇರಬೇಕು. ನಾವು ಬೈಕ್ ಕಲಿತಾಗ ಕೈಗೆ ಅಂಟಿದ ಬುದ್ಧಿಗೆ ಇದು ಪೂರ್ತಿ ಉಲ್ಟಾ, ಅಲ್ವಾ?

ಹೀಗಾಗಿ ಸವಾರನಿಗೂ ನೆಲಕ್ಕೂ ನಡುವೆ ಇರುವ ಸಂಬಂಧ ಮಣ್ಣು ಒಂದೇ. ಬ್ರೇಕ್ ಅದೇ, ಸ್ಟೀರಿಂಗ್ ಅದೇ, ಗೇರ್ ಅದೇ.

ಈ ಮಣ್ಣು ಹೊಲದ ಮಣ್ಣಿನಂತಲ್ಲ. ಕಲ್ಲನ್ನು ಪುಡಿ ಮಾಡಿ, ಜೇಡಿಯಂಥ ಅಂಟು ಮಣ್ಣು ಬೆರೆಸಿ, ನೀರು ಹಾಕಿ, ರೋಲರ್ ಓಡಿಸಿ ಮಾಡಿದ ಹಾಸು. ಕೆಳಗೆ ಗಟ್ಟಿ ಪದರ, ಮೇಲೆ ತುಸು ಸಡಿಲ ಪದರ. ಸಡಿಲ ಮಣ್ಣಿದ್ದರೆ ಹಿಂದಿನ ಚಕ್ರಕ್ಕೆ ತಳ್ಳಿಕೊಳ್ಳಲು ಏನಾದರೂ ಸಿಗುತ್ತದೆ. ನಾಲ್ಕು ಬೈಕ್‌ಗಳು ಮಣ್ಣನ್ನು ಹೊರಕ್ಕೆ ಎರಚುತ್ತಲೇ ಇರುತ್ತವೆ. ಹಾಗಾಗಿ ಕೂಟ ನಡೆದಂತೆ ಒಳಬದಿ ಸವೆದು ನುಣುಪಾಗುತ್ತದೆ, ಬೇಲಿ ಬದಿಯಲ್ಲಿ ಮಣ್ಣು ಗುಡ್ಡೆ ಬೀಳುತ್ತದೆ. ಮೊದಲ ಹೀಟ್‌ನಲ್ಲಿ ಒಳಗಿನ ದಾರಿ ಹತ್ತಿರದ್ದು, ಅದೇ ಲಾಭ. ಹತ್ತನೇ ಹೀಟ್ ಹೊತ್ತಿಗೆ ಹೊರಗಿನ ದಾರಿ ಉದ್ದವಾದರೂ ಅಲ್ಲಿ ಚಕ್ರಕ್ಕೆ ಹಿಡಿತ ಜಾಸ್ತಿ, ಹಾಗಾಗಿ ಅದೇ ವೇಗದ್ದು. ನಡುನಡುವೆ ಟ್ರ್ಯಾಕ್ಟರ್ ಬಂದು ಮಣ್ಣನ್ನು ಮತ್ತೆ ಒಳಕ್ಕೆ ಎಳೆಯುತ್ತದೆ, ಟ್ಯಾಂಕರ್ ನೀರು ಚಿಮುಕಿಸುತ್ತದೆ, ಲೆಕ್ಕಾಚಾರ ಮತ್ತೆ ತಲೆಕೆಳಗು.

ಒಳ್ಳೆ ಟ್ರ್ಯಾಕ್ ಅಂದರೆ ಒಂದಕ್ಕಿಂತ ಹೆಚ್ಚು ದಾರಿ ಇರುವ ಟ್ರ್ಯಾಕ್. ಒಬ್ಬ ಒಳಗಿಂದ ಬರುತ್ತಾನೆ, ಇನ್ನೊಬ್ಬ ಬೇಲಿ ಸವರಿಕೊಂಡು ಬರುತ್ತಾನೆ, ತಿರುವು ಮುಗಿಯುವಲ್ಲಿ ಇಬ್ಬರ ದಾರಿಯೂ ಕೂಡುತ್ತದೆ. ಓವರ್‌ಟೇಕ್ ಹುಟ್ಟುವುದೇ ಅಲ್ಲಿ. ಕೆಟ್ಟ ಟ್ರ್ಯಾಕ್‌ನಲ್ಲಿ ಒಂದೇ ದಾರಿ ಇರುತ್ತದೆ. ಮಣ್ಣೆಲ್ಲ ಹಾರಿಹೋಗಿ ಮೇಲ್ಮೈ ನುಣುಪಾದರೆ ನಾಲ್ವರೂ ಅದೇ ಗೆರೆ ಹಿಡಿಯಬೇಕಾಗುತ್ತದೆ. ಆಗ ಮೊದಲ ತಿರುವಿನಿಂದ ಯಾರು ಮುಂದೆ ಹೊರಬಂದರೋ ಅವರೇ ಗೆಲ್ಲುವುದು. ಉಳಿದ ಮೂರೂವರೆ ಸುತ್ತು ಬರೀ ಮೆರವಣಿಗೆ. ಬಾಗಿಲಲ್ಲಿ ಮುಖ ಸಿಂಡರಿಸಿದವರು ನೋಡಿದ್ದು ಈ ಮೆರವಣಿಗೆಯನ್ನು. ಇದಕ್ಕಿಂತ ಕೆಟ್ಟದ್ದು ಗುಂಡಿ ಬಿದ್ದ ಟ್ರ್ಯಾಕ್. ಅಲ್ಲಿ ಓವರ್‌ಟೇಕ್ ಇರುತ್ತದೆ, ಆದರೆ ಅದು ಎದುರಾಳಿ ಗುಂಡಿಗೆ ಬಿದ್ದು ಎಗರಿದ್ದರಿಂದ ಆದದ್ದು. ಅದನ್ನು ನೋಡಿ ಖುಷಿಪಡಲು ಮನಸ್ಸು ಬರುವುದಿಲ್ಲ.

ಸರಿ, ಹಾಗಾದರೆ ಕುಣಿದುಕೊಂಡು ಬಂದವರು ನೋಡಿದ್ದು ಏನನ್ನು? ಅವರಿಗೆ ಅಲ್ಲಿ ಸಿಕ್ಕಿದ್ದು ರೇಸ್ ಒಂದೇ ಅಲ್ಲ. ಅದು ಗೊತ್ತಾಗಬೇಕಾದರೆ ಒಂದು ಸ್ಟಾರ್ಟ್ ಅನ್ನು ಹತ್ತಿರದಿಂದ ನೋಡಬೇಕು.

ನಾಲ್ಕು ಸವಾರರು ಗೆರೆಯ ಹತ್ತಿರ ಬರುತ್ತಾರೆ. ತಲೆಗೆ ಕೆಂಪು, ನೀಲಿ, ಬಿಳಿ, ಹಳದಿ ಬಣ್ಣದ ಹೊದಿಕೆ. ಇಷ್ಟು ಮಣ್ಣು ಮೆತ್ತಿಕೊಂಡ ಮೇಲೂ ಯಾರು ಯಾರೆಂದು ಗೊತ್ತಾಗಲಿ ಅಂತ. ತಮ್ಮ ಜಾಗದಲ್ಲಿ ಕಾಲಿನಿಂದ ಮಣ್ಣು ಕೆದಕುತ್ತಾರೆ, ತುಳಿದು ಸಮ ಮಾಡುತ್ತಾರೆ, ಹಿಂದಿನ ಚಕ್ರಕ್ಕೆ ಒಂದು ಪುಟ್ಟ ಹಾಸು ಮಾಡಿಕೊಳ್ಳುತ್ತಾರೆ. ಎರಡು ನಿಮಿಷದ ಗಡುವು ಇರುತ್ತದೆ. ಮುಂದೆ ಎದೆಮಟ್ಟಕ್ಕೆ ಟೇಪ್ ಎಳೆದಿರುತ್ತದೆ. ಸವಾರರು ಮುಂದಕ್ಕೆ ಬಾಗುತ್ತಾರೆ, ಕ್ಲಚ್ ಹಿಡಿಯುತ್ತಾರೆ. ನಾಲ್ಕು ಎಂಜಿನ್‌ಗಳ ಸದ್ದು ಒಟ್ಟಿಗೆ ಏರುತ್ತದೆ. ಆ ಹೊತ್ತಿಗೆ ಸ್ಟ್ಯಾಂಡಿನಲ್ಲಿ ಮಾತು ನಿಂತಿರುತ್ತದೆ. ಹಾಡು ನಿಂತಿರುತ್ತದೆ. ಬಾಯಿಗೆ ಹೋಗುತ್ತಿದ್ದ ಕೈ ಅಲ್ಲೇ ನಿಂತಿರುತ್ತದೆ. ಟೇಪ್ ಫಟ್ಟೆಂದು ಮೇಲೆ ಹಾರುತ್ತದೆ. ಕಣ್ಣು ಮಿಟುಕಿಸಿದವರಿಗೆ ಏನೂ ಕಾಣುವುದಿಲ್ಲ. ಅವರು ಕಣ್ಣು ತೆರೆಯುವಷ್ಟರಲ್ಲಿ ನಾಲ್ಕು ಬೈಕ್‌ಗಳು ಮೊದಲ ತಿರುವಿನಲ್ಲಿ ಒಂದಕ್ಕೊಂದು ಮೊಣಕೈ ತಾಗಿಸಿಕೊಂಡು ಮಲಗಿರುತ್ತವೆ.

ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಈ ಬೈಕ್‌ಗಳಿಗೆ ಬೇಕಾದ್ದು ಮೂರು ಸೆಕೆಂಡ್ ಆಸುಪಾಸು. ಟಿವಿಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಟಿವಿ ಕ್ಯಾಮೆರಾ ಬೈಕ್ ಜೊತೆಗೇ ಹೊರಳುವುದರಿಂದ ವೇಗ ಕರಗಿಹೋಗುತ್ತದೆ. ಸ್ಟ್ಯಾಂಡಿನಲ್ಲಿ ಕೂತವರಿಗೆ ಎಂಜಿನ್ ಸದ್ದು ಎದೆಗೂಡಿಗೇ ಬಡಿಯುತ್ತದೆ. ಮೊದಲ ಸಲ ಬಂದವರು ಜಾಸ್ತಿ ಹೇಳುವುದು ಇದನ್ನೇ. ಯಾರು ಗೆದ್ದರು ಎನ್ನುವುದು ಅವರಿಗೆ ಆಮೇಲೆ ನೆನಪಿರುವುದಿಲ್ಲ. ಮೊದಲ ಟೇಪ್ ಹಾರಿದ ಕ್ಷಣ ನೆನಪಿರುತ್ತದೆ.

ವಾಸನೆಯೂ ಅಷ್ಟೇ ಮುಖ್ಯ. ಈ ಎಂಜಿನ್‌ಗಳಿಗೆ ಬಹಳ ಕಾಲದಿಂದ ಹಾಕುತ್ತ ಬಂದ ಎಣ್ಣೆ ಹರಳೆಣ್ಣೆಯಿಂದ ಮಾಡಿದ್ದು. ಬಿಸಿ ಎಂಜಿನ್‌ನಲ್ಲಿ ಅದು ಉರಿದಾಗ ಒಂದು ಸಿಹಿ ಘಾಟು ಏಳುತ್ತದೆ. ಹಳೇ ಅಭಿಮಾನಿಗಳಿಗೆ ಆ ಘಾಟು ಮೂಗಿಗೆ ಬಡಿದರೆ ಸಾಕು, ಬಾಲ್ಯದಲ್ಲಿ ಅಪ್ಪನ ಭುಜದ ಮೇಲೆ ಕೂತು ನೋಡಿದ ರೇಸ್ ನೆನಪಾಗುತ್ತದೆ. ಈ ಆಟದ ಬಗ್ಗೆ ಯಾರನ್ನು ಕೇಳಿದರೂ ಮೂರನೇ ಮಾತಿಗೆ ಆ ವಾಸನೆ ಬಂದೇ ಬರುತ್ತದೆ.

ತಿರುವಿನ ಹತ್ತಿರ ಮುಂದಿನ ಸಾಲಿನಲ್ಲಿ ಕೂತವರ ಅನುಭವವೇ ಬೇರೆ. ಅವರ ಮೈಮೇಲೆ ಮಣ್ಣು ಬೀಳುತ್ತದೆ. ಸುಮ್ನೆ ಧೂಳಲ್ಲ, ಒದ್ದೆ ಮಣ್ಣಿನ ಹರಳು. ಬೈಕ್‌ಗಳು ಬರುವುದು ಕಂಡ ಕೂಡಲೇ ಇಡೀ ಸಾಲು ಮುಖಕ್ಕೆ ಏನಾದರೂ ಅಡ್ಡ ಹಿಡಿಯುತ್ತದೆ, ಹೋದ ಕೂಡಲೇ ಇಳಿಸುತ್ತದೆ. ಕೂದಲಲ್ಲಿ, ಜೇಬಲ್ಲಿ, ಕಿವಿಯಲ್ಲಿ ಕೆಂಪು ಮಣ್ಣು ತುಂಬಿಕೊಂಡು ಮನೆಗೆ ಹೋಗುವುದು ಕೆಲವರಿಗೆ ರಗಳೆ, ಕೆಲವರಿಗೆ ಪ್ರಸಾದ.

ಇನ್ನು ಪ್ರೋಗ್ರಾಮ್. ಸ್ಪೀಡ್‌ವೇ ಅಭಿಮಾನಿಯನ್ನು ಗುರುತಿಸುವುದು ಸುಲಭ: ಕೈಯಲ್ಲಿ ಒಂದು ಪುಸ್ತಿಕೆ, ಒಂದು ಪೆನ್. ಪುಸ್ತಿಕೆಯಲ್ಲಿ ಪ್ರತಿ ಹೀಟ್‌ಗೂ ಒಂದು ಚೌಕ. ಯಾರು ಎಷ್ಟನೆಯವರಾಗಿ ಬಂದರು, ಎಷ್ಟು ಅಂಕ, ಯಾರನ್ನು ಹೊರಹಾಕಿದರು ಎಲ್ಲವನ್ನೂ ಅಲ್ಲೇ ಬರೆದುಕೊಳ್ಳುತ್ತಾರೆ. ದೊಡ್ಡ ಪರದೆಯ ಮೇಲೆ ಎಲ್ಲ ಬರುತ್ತದೆ, ಫೋನಿನಲ್ಲೂ ಬರುತ್ತದೆ, ಆದರೂ ಬರೆಯುತ್ತಾರೆ. ಇದು ಬರೀ ಚಟ ಅಲ್ಲ. ಲೆಕ್ಕ ಗೊತ್ತಿದ್ದರೇನೇ ಕೂಟಕ್ಕೆ ರುಚಿ.

ಆ ಲೆಕ್ಕ ನನಗೆ ತುಂಬ ಇಷ್ಟ, ಅದನ್ನು ತುಸು ಬಿಡಿಸಿ ಹೇಳುತ್ತೇನೆ. ವಿಶ್ವ ಚಾಂಪಿಯನ್ ಯಾರೆಂದು ತೀರ್ಮಾನವಾಗುವುದು ಸ್ಪೀಡ್‌ವೇ ಗ್ರ್ಯಾನ್ ಪ್ರಿ ಸರಣಿಯಲ್ಲಿ. ಒಂದು ಗ್ರ್ಯಾನ್ ಪ್ರಿಯಲ್ಲಿ 16 ಸವಾರರು, 20 ಹೀಟ್. ಪ್ರತಿಯೊಬ್ಬರೂ ಐದು ಸಲ ಓಡುತ್ತಾರೆ. ಪ್ರತಿ ಸಲವೂ ಎದುರಿಗೆ ಮೂವರು. ಐದು ಮೂರಲ ಹದಿನೈದು. ಅಂದರೆ ಪ್ರತಿಯೊಬ್ಬನೂ ಉಳಿದ ಹದಿನೈದು ಮಂದಿಯನ್ನೂ ಸರಿಯಾಗಿ ಒಂದೊಂದು ಸಲ ಎದುರಿಸುತ್ತಾನೆ. ಯಾರಿಂದಲೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಸ್ಟಾರ್ಟ್ ಗೆರೆಯ ನಾಲ್ಕು ಜಾಗಗಳೂ ಸರದಿಯಂತೆ ಎಲ್ಲರಿಗೂ ಬರುತ್ತವೆ. 2025ರಿಂದ ನಿಯಮ ಹೀಗಿದೆ: 20 ಹೀಟ್ ಮುಗಿದಾಗ ಮೊದಲ ಇಬ್ಬರು ನೇರ ಫೈನಲ್‌ಗೆ. 3ರಿಂದ 10ರವರೆಗಿನ ಎಂಟು ಮಂದಿ ಇನ್ನೆರಡು ಹೀಟ್ ಓಡುತ್ತಾರೆ, ಅವುಗಳಲ್ಲಿ ಗೆದ್ದ ಒಬ್ಬೊಬ್ಬರು ಫೈನಲ್‌ಗೆ. ಗೆದ್ದವರಿಗೆ ಸರಣಿಯ 20 ಅಂಕ, ಮುಂದಿನವರಿಗೆ 18, 16, 14.

ಈಗ ಪೆನ್ ಹಿಡಿದವರ ಮನಸ್ಸು ಊಹಿಸಿಕೊಳ್ಳಿ. ಹದಿನೇಳನೇ ಹೀಟ್. ಪರದೆ ಮೇಲೆ ಮುಂದೆ ಇಬ್ಬರು ಓಡುತ್ತಿದ್ದಾರೆ, ಮೊದಲ ಸಲ ಬಂದವರ ಕಣ್ಣು ಅವರ ಮೇಲೆ. ಆದರೆ ಪ್ರೋಗ್ರಾಮ್ ತುಂಬಿದವರ ಕಣ್ಣು ಮೂರನೇ ಸ್ಥಾನದ ಮೇಲೆ. ಅಲ್ಲಿ ಸಿಗುವ ಒಂದು ಅಂಕದಿಂದ ಒಬ್ಬ ಹತ್ತನೆಯವನಾಗಿ ಒಳಗೆ ಉಳಿಯುತ್ತಾನೆ, ಇನ್ನೊಬ್ಬ ಹನ್ನೊಂದನೆಯವನಾಗಿ ಬ್ಯಾಗ್ ಕಟ್ಟುತ್ತಾನೆ. ಮೊದಲ ಸಲದವರು "ಡಲ್ ರೇಸ್" ಎಂದದ್ದಕ್ಕೆ ಇವರು ಉಸಿರು ಬಿಗಿಹಿಡಿದಿರುತ್ತಾರೆ. ಒಂದು ಅಂಕ ಅಂದರೆ ಎಷ್ಟು ಅನ್ನುವುದಕ್ಕೆ 2025ರ ಸರಣಿಯೇ ಸಾಕ್ಷಿ. ಕೊನೆಯ ಕೂಟ ಡೆನ್ಮಾರ್ಕ್‌ನ ವೊಯೆನ್ಸ್‌ನಲ್ಲಿ. ಪೋಲೆಂಡಿನ ಬಾರ್ತೋಶ್ ಜ್ಮಾರ್ಜ್‌ಲಿಕ್ ಆಸ್ಟ್ರೇಲಿಯಾದ ಬ್ರೇಡಿ ಕರ್ಟ್ಜ್‌ಗಿಂತ ಒಂದೇ ಒಂದು ಅಂಕ ಮುಂದಿದ್ದು ಚಾಂಪಿಯನ್ ಆದರು. ಅದು ಅವರ ಆರನೇ ಪಟ್ಟ. ಐವನ್ ಮಾಗರ್ ಮತ್ತು ಟೋನಿ ರಿಕಾರ್ಡ್‌ಸನ್ ಇಬ್ಬರೇ ಅದಕ್ಕೆ ಮೊದಲು ಆರು ಸಲ ಗೆದ್ದಿದ್ದವರು. ಇಡೀ ವರ್ಷದಲ್ಲಿ ಎಲ್ಲೋ ಒಂದು ಕಡೆ ಕೈಜಾರಿದ ಒಂದು ಅಂಕ! ಅದು ಯಾವ ಊರಿನ ಯಾವ ಹೀಟ್‌ನಲ್ಲಿ ಜಾರಿತು ಅಂತ ಹಳೇ ಪ್ರೋಗ್ರಾಮ್‌ಗಳನ್ನು ತೆಗೆದು ಹುಡುಕುವುದೇ ಒಂದು ಸುಖ.

ಕೂಟದ ನಡುವೆ ಇಡೀ ಸ್ಟ್ಯಾಂಡ್ ಎದ್ದು ನಿಂತು ಕೂಗುವುದು ಇನ್ನೊಂದು ಕಾರಣಕ್ಕೆ: ರೆಫರಿ ತೀರ್ಪು. ಯಾರಾದರೂ ಬಿದ್ದು ಟ್ರ್ಯಾಕ್ ಮೇಲೇ ಉಳಿದರೆ ಕೆಂಪು ದೀಪ ಹತ್ತುತ್ತದೆ, ಹೀಟ್ ನಿಲ್ಲುತ್ತದೆ. ರೇಸ್ ನಿಲ್ಲಲು ಯಾರು ಕಾರಣ ಅಂತ ರೆಫರಿ ಹೇಳಬೇಕು. ಅವನನ್ನು ಹೊರಗಿಟ್ಟು ಉಳಿದವರನ್ನು ಮತ್ತೆ ಓಡಿಸುತ್ತಾರೆ. ಆದರೆ ಮೊದಲ ತಿರುವಿನ ನೂಕುನುಗ್ಗಲಿನಲ್ಲಿ ಬಿದ್ದರೆ, ತಪ್ಪು ಒಬ್ಬನದೇ ಅಂತ ಹೇಳಲಾಗದಿದ್ದರೆ, ನಾಲ್ವರನ್ನೂ ಮತ್ತೆ ಕರೆಯಬಹುದು. ಬಿದ್ದವನು ತಾನಾಗಿ ಬಿದ್ದನೇ, ತಳ್ಳಿ ಬೀಳಿಸಿದರೇ? ಅರ್ಧ ಸೆಕೆಂಡ್‌ನ ಘಟನೆ. ಪರದೆಯಲ್ಲಿ ನಿಧಾನವಾಗಿ ತೋರಿಸುತ್ತಾರೆ, ಒಂದು ಕಡೆಯವರು ಕೈಮಾಡಿ ತೋರಿಸುತ್ತಾರೆ, ಇನ್ನೊಂದು ಕಡೆಯವರು ಸಿಳ್ಳೆ ಹಾಕುತ್ತಾರೆ. ಆಮೇಲೆ ಒಂದು ಬಣ್ಣದ ದೀಪ ಹತ್ತುತ್ತದೆ. ಆ ಬಣ್ಣದ ಹೆಲ್ಮೆಟ್‌ನವನು ಹೊರಗೆ. ಆ ದೀಪಕ್ಕೆ ಕಾಯುವ ಅರ್ಧ ನಿಮಿಷ ಕೆಲವೊಮ್ಮೆ ರೇಸ್‌ಗಿಂತ ಬಿಗಿಯಾಗಿರುತ್ತದೆ.

ಬಿದ್ದವನು ಏಳದೇ ಹೋದರೆ ಮಾತ್ರ ಕೂಗಾಟ ಇರುವುದಿಲ್ಲ. ಸಾವಿರಾರು ಜನ ಒಟ್ಟಿಗೆ ಸುಮ್ಮನಾಗುವುದನ್ನು ಸ್ಪೀಡ್‌ವೇ ಸ್ಟೇಡಿಯಂನಲ್ಲಿ ಕೇಳಿದವರು ಮರೆಯುವುದಿಲ್ಲ. ಎದುರಾಳಿ ಸವಾರನ ಅಭಿಮಾನಿಗಳೂ ಟೊಪ್ಪಿ ತೆಗೆದು ನಿಂತಿರುತ್ತಾರೆ. ಈ ಭಯಕ್ಕೆ ಕಾರಣ ಇದೆ. 2012ರಲ್ಲಿ ಇಂಗ್ಲೆಂಡಿನ ಲೀ ರಿಚರ್ಡ್‌ಸನ್ ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ರೇಸ್‌ನಲ್ಲಿ ಬಿದ್ದು ತೀರಿಕೊಂಡರು. 2015ರ ಆಗಸ್ಟ್‌ನಲ್ಲಿ, ಮುಂದಿನ ಚಾಂಪಿಯನ್ ಅಂತ ಎಲ್ಲರೂ ಅಂದುಕೊಂಡಿದ್ದ ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್‌ಗೆ ಪೋಲೆಂಡಿನ ಝೆಲೋನಾ ಗೂರಾದಲ್ಲಿ ಬೆನ್ನುಹುರಿ ಏಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಈಗ ತಿರುವುಗಳಲ್ಲಿ ಗಾಳಿ ತುಂಬಿದ ಬೇಲಿ ಇರುತ್ತದೆ. ಸವಾರ ಬಿದ್ದರೆ ಎಂಜಿನ್ ತಾನೇ ನಿಲ್ಲಲಿ ಅಂತ ಮಣಿಕಟ್ಟಿಗೆ ಒಂದು ದಾರ ಕಟ್ಟಿರುತ್ತಾರೆ. ಆದರೂ ಬಿದ್ದವನು ಎದ್ದು ಕೈ ಎತ್ತಿದಾಗ ಬೀಳುವ ಚಪ್ಪಾಳೆ ಇದೆಯಲ್ಲ, ಅದು ಗೆದ್ದವನಿಗೆ ಬೀಳುವ ಚಪ್ಪಾಳೆಗಿಂತ ದೊಡ್ಡದು.

ಜನ ಈ ಆಟಕ್ಕೆ ಮುಗಿಬಿದ್ದದ್ದು ಇಂದು ನಿನ್ನೆಯಲ್ಲ. 1923ರಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲ್ಯಾಂಡ್‌ನಲ್ಲಿ ಜಾನಿ ಹಾಸ್ಕಿನ್ಸ್ ಎಂಬವರು ನಡೆಸಿದ ರಾತ್ರಿ ರೇಸ್‌ನಿಂದ ಇದರ ಕಥೆ ಶುರುಮಾಡುವುದು ವಾಡಿಕೆ. 1928ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹೈ ಬೀಚ್‌ನಲ್ಲಿ ಕೂಟ ನಡೆದಾಗ ನಡೆಸಿದವರ ಅಂದಾಜನ್ನೆಲ್ಲ ಮೀರಿ ಜನ ಬಂದರು. 1936ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಮೊದಲ ವಿಶ್ವ ಫೈನಲ್. ಗೆದ್ದವರು ಆಸ್ಟ್ರೇಲಿಯಾದ ಲಯೊನೆಲ್ ವ್ಯಾನ್ ಪ್ರಾಗ್. 1973ರಲ್ಲಿ ಪೋಲೆಂಡಿನ ಖೋಝೂವ್‌ನಲ್ಲಿ ಲಕ್ಷಕ್ಕೂ ಮೀರಿದ ಜನರ ಮುಂದೆ, ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರದ ಯೆಝಿ ಶ್ಚಾಕ್ಯೆಲ್ ಐವನ್ ಮಾಗರ್ ಜೊತೆ ಸಮಬಲ ಸಾಧಿಸಿದರು. ಪಟ್ಟಕ್ಕಾಗಿ ಇಬ್ಬರೇ ಮತ್ತೆ ಓಡಿದಾಗ ಮಾಗರ್ ಬಿದ್ದರು. ಪೋಲೆಂಡಿಗೆ ಮೊದಲ ಚಾಂಪಿಯನ್ ಸಿಕ್ಕ. ಅಂಥ ಒಂದು ರಾತ್ರಿ ಒಂದು ದೇಶದ ಆಟವನ್ನೇ ಬದಲಿಸುತ್ತದೆ. ಇವತ್ತಿಗೂ ಸ್ಪೀಡ್‌ವೇಗೆ ಅತಿ ಹೆಚ್ಚು ಜನ ಸೇರುವ ದೇಶ ಪೋಲೆಂಡ್. ಅಲ್ಲಿ ಇದರ ಹೆಸರು ಜೂಜೆಲ್. ಆ ಮಾತಿನ ಅರ್ಥ ಕಿಟ್ಟ, ಕೆಂಡದ ಬೂದಿಹರಳು. ಒಂದು ಕಾಲಕ್ಕೆ ಟ್ರ್ಯಾಕ್‌ಗೆ ಹಾಸುತ್ತಿದ್ದದ್ದೇ ಅದನ್ನು. ಆಟದ ಹೆಸರೇ ಮಣ್ಣಿನ ಹೆಸರು.

ಈಗ ಮತ್ತೆ ಬಾಗಿಲಲ್ಲಿ ನಿಂತ ಆ ಇಬ್ಬರ ಹತ್ತಿರ ಹೋಗೋಣ. ದೊಡ್ಡ ಕೂಟಕ್ಕೆ ದೊಡ್ಡ ಸ್ಟೇಡಿಯಂ ಬೇಕು. ದೊಡ್ಡ ಸ್ಟೇಡಿಯಂ ಇರುವುದು ಫುಟ್‌ಬಾಲ್‌ಗೆ, ರಗ್ಬಿಗೆ. ಹಾಗಾಗಿ ಅಲ್ಲಿನ ಹುಲ್ಲು ತೆಗೆದು, ಲಾರಿಗಟ್ಟಲೆ ಮಣ್ಣು ತಂದು ಸುರಿದು, ಕೆಲವೇ ದಿನಗಳಲ್ಲಿ ಟ್ರ್ಯಾಕ್ ಕಟ್ಟಬೇಕು. ಕೂಟ ಮುಗಿದ ಮೇಲೆ ಅಷ್ಟೂ ಮಣ್ಣನ್ನು ಹೊರಕ್ಕೆ ಸಾಗಿಸಬೇಕು. ಕಾಯಂ ಟ್ರ್ಯಾಕ್ ಆದರೆ ಮಳೆ, ಬಿಸಿಲು, ರೋಲರ್, ಸಾವಿರ ರೇಸ್‌ಗಳ ತುಳಿತ ತಿಂದು ವರ್ಷಗಟ್ಟಲೆ ಪಳಗಿರುತ್ತದೆ. ಅದನ್ನು ನೋಡಿಕೊಳ್ಳುವವರಿಗೆ ಯಾವ ಮೂಲೆಗೆ ಎಷ್ಟು ನೀರು ಅಂತ ಕೈಗೇ ಗೊತ್ತಿರುತ್ತದೆ. ಸುರಿದ ವಾರದಲ್ಲೇ ಓಡಿಸುವ ಮಣ್ಣಿಗೆ ಆ ಪಳಗು ಎಲ್ಲಿಂದ ಬರಬೇಕು? ಜೊತೆಗೆ ಜಾಗದ ಕಟ್ಟು. ಬ್ರಿಟನ್ನಿನ ಕಾರ್ಡಿಫ್ ಊರಿನಲ್ಲಿ ರಗ್ಬಿ ಅಂಗಳದ ಆಕಾರಕ್ಕೆ ಒಗ್ಗಿಸಿ ಕಟ್ಟುತ್ತಿದ್ದ ಟ್ರ್ಯಾಕ್‌ನ ಉದ್ದ ಬರೀ 277 ಮೀಟರ್ ಇತ್ತು. ತಿರುವುಗಳು ಬಿಗಿ. ಓವರ್‌ಟೇಕ್‌ಗೆ ಜಾಗ ಕಮ್ಮಿ.

ಇದು ಕೈಕೊಟ್ಟ ದಿನಗಳೂ ಇವೆ. 2008ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗೆಲ್ಸೆನ್‌ಕಿರ್ಶೆನ್‌ನಲ್ಲಿ ವರ್ಷದ ಕೊನೆಯ ಗ್ರ್ಯಾನ್ ಪ್ರಿ ನಡೆಯಬೇಕಿತ್ತು. ಟ್ರ್ಯಾಕ್ ಓಡಿಸುವ ಹದಕ್ಕೆ ಬರಲೇ ಇಲ್ಲ. ಕೂಟವನ್ನು ಪೋಲೆಂಡಿನ ಬಿಡ್ಗೋಶ್ಚ್‌ಗೆ ಸಾಗಿಸಬೇಕಾಯಿತು. ಇನ್ನೂ ನೋವಿನದು 2015ರ ಏಪ್ರಿಲ್‌ನ ವಾರ್ಸಾ. ಪೋಲೆಂಡಿನ ರಾಷ್ಟ್ರೀಯ ಸ್ಟೇಡಿಯಂನಲ್ಲಿ ಮೊದಲ ಗ್ರ್ಯಾನ್ ಪ್ರಿ. 2010ರ ವಿಶ್ವ ಚಾಂಪಿಯನ್ ತೋಮಾಶ್ ಗೋಲೋಬ್‌ಗೆ ಬೀಳ್ಕೊಡುಗೆ. 1995ರಲ್ಲಿ ವ್ರೊತ್ಸ್ವಾಫ್‌ನಲ್ಲಿ ನಡೆದ ಮೊಟ್ಟಮೊದಲ ಗ್ರ್ಯಾನ್ ಪ್ರಿ ಗೆದ್ದವರೂ ಅವರೇ. 50,000ಕ್ಕೂ ಹೆಚ್ಚು ಜನ ಸೇರಿದ್ದರು. ಸ್ಟಾರ್ಟ್ ಟೇಪ್‌ನ ಯಂತ್ರ ಕೆಟ್ಟಿತು. ಟ್ರ್ಯಾಕ್ ಕಿತ್ತುಬಂತು. 12 ಹೀಟ್ ಆದ ಮೇಲೆ ಕೂಟವನ್ನೇ ನಿಲ್ಲಿಸಿದರು. ಆವರೆಗಿನ ಅಂಕದ ಮೇಲೆ ಸ್ಲೊವೇನಿಯಾದ ಮಾತೇ ಜಾಗರ್ ಗೆದ್ದರೆಂದು ಘೋಷಿಸಿದರು. ಇಡೀ ಸ್ಟೇಡಿಯಂ ಸಿಳ್ಳೆ ಹಾಕಿತು. ಪೋಲೆಂಡಿನಲ್ಲಿ ಸಿಳ್ಳೆ ಅಂದರೆ ಮೆಚ್ಚುಗೆ ಅಲ್ಲ, ಛೀಮಾರಿ. ಆ ಸಿಳ್ಳೆ ಸವಾರರಿಗೆ ಅಲ್ಲವೇ ಅಲ್ಲ. ತಮ್ಮ ಪ್ರೀತಿಯ ಆಟಕ್ಕೆ ಎಲ್ಲರೆದುರು ಆದ ಅವಮಾನಕ್ಕೆ. ಮುಂದಿನ ವರ್ಷವೂ ವಾರ್ಸಾದಲ್ಲಿ ಕೂಟ ಇಟ್ಟರು, ಜನ ಮತ್ತೆ ಬಂದರು, ರೇಸ್ ಪೂರ್ತಿ ನಡೆಯಿತು.

ಕಾಯಂ ಟ್ರ್ಯಾಕ್ ಆದರೆ ಏನೂ ಆಗುವುದಿಲ್ಲ ಅಂತಲ್ಲ. ಮ್ಯಾಂಚೆಸ್ಟರ್‌ನಲ್ಲಿ ಸ್ಪೀಡ್‌ವೇಗೆಂದೇ ಕಟ್ಟಿದ ಹೊಸ ಸ್ಟೇಡಿಯಂ 2016ರ ಮಾರ್ಚ್‌ನಲ್ಲಿ ಬಾಗಿಲು ತೆರೆದ ದಿನವೇ ಟ್ರ್ಯಾಕ್ ಸರಿಯಿಲ್ಲವೆಂದು ಕೂಟ ರದ್ದಾಯಿತು. ಆಮೇಲೆ ಮಣ್ಣು ಪಳಗಿತು. ಈಗ ಅದನ್ನು ಬ್ರಿಟನ್ನಿನ ಅತ್ಯಂತ ಒಳ್ಳೆ ರೇಸ್ ಟ್ರ್ಯಾಕ್‌ಗಳಲ್ಲಿ ಒಂದು ಎನ್ನುತ್ತಾರೆ.

ಅಭಿಮಾನಿಗಳ ದೊಡ್ಡ ಜಗಳ ಶುರುವಾಗುವುದು ಇಲ್ಲೇ. ಬ್ರಿಟಿಷ್ ಗ್ರ್ಯಾನ್ ಪ್ರಿ 2001ರಿಂದ ಕಾರ್ಡಿಫ್‌ನಲ್ಲಿ ನಡೆಯುತ್ತಿತ್ತು. 2025ರಲ್ಲಿ ಅದು ಮ್ಯಾಂಚೆಸ್ಟರ್‌ಗೆ ಹೋಯಿತು. ಹತ್ತಾರು ಸಾವಿರ ಜನರ ಜಾಗದಿಂದ ಕೆಲವೇ ಸಾವಿರ ಜನರ ಜಾಗಕ್ಕೆ. "ಕೊನೆಗೂ ನಿಜವಾದ ರೇಸ್" ಎಂದು ಒಂದು ಪಾಳಯ. "ಕಾರ್ಡಿಫ್ ಇಲ್ಲದ ಬೇಸಿಗೆ ಬೇಸಿಗೆಯೇ ಅಲ್ಲ" ಎಂದು ಇನ್ನೊಂದು.

ಎರಡನೇ ಪಾಳಯದವರನ್ನು ಸುಲಭಕ್ಕೆ ತಳ್ಳಿಹಾಕಬೇಡಿ. ಕಾರ್ಡಿಫ್‌ನ ಸ್ಟೇಡಿಯಂಗೆ ಮುಚ್ಚುವ ಛಾವಣಿ ಇದೆ. ಮುಚ್ಚಿದಾಗ ಮಳೆಯ ಭಯ ಇಲ್ಲ. ಎಂಜಿನ್ ಸದ್ದು, ತುತ್ತೂರಿ, ಹಾಡು ಯಾವುದೂ ಹೊರಹೋಗುತ್ತಿರಲಿಲ್ಲ, ಎಲ್ಲ ಒಳಗೇ ಮೊಳಗುತ್ತಿತ್ತು. ಊರಿನ ಬೀದಿಗಳಲ್ಲಿ ಬೆಳಗಿನಿಂದಲೇ ಬೇರೆ ಬೇರೆ ಕ್ಲಬ್‌ಗಳ ಬಣ್ಣದ ಜಾಕೆಟ್ ತೊಟ್ಟವರು ಓಡಾಡುತ್ತಿದ್ದರು. ವಾರವಾರ ಎದುರುಬದುರು ಕೂಗುವವರು ಅಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು, ನಡುವೆ ಬೇಲಿ ಇಲ್ಲ. ವರ್ಷಕ್ಕೊಂದು ಸಲ ಸಿಗುವ ಹಳೇ ಗೆಳೆಯರನ್ನು ಕಾಣಲು ಬರುವವರಿಗೆ ಟ್ರ್ಯಾಕ್ ತುಸು ನುಣುಪಾದರೆ ಏನಂತೆ?

ಆ ಟ್ರ್ಯಾಕ್‌ನಲ್ಲಿ ರೇಸೇ ಆಗುತ್ತಿರಲಿಲ್ಲ ಎನ್ನುವುದೂ ತಪ್ಪು. 2007ರ ಫೈನಲ್‌ನಲ್ಲಿ ಇಂಗ್ಲೆಂಡಿನ ಕ್ರಿಸ್ ಹ್ಯಾರಿಸ್ ಹಿಂದೆ ಬಿದ್ದಿದ್ದರು. ಕೊನೆಯ ಸುತ್ತಿನಲ್ಲಿ ಅಮೆರಿಕದ ಗ್ರೆಗ್ ಹ್ಯಾನ್‌ಕಾಕ್‌ರನ್ನು ಹಿಂದಿಕ್ಕಿ ಗೆದ್ದರು. ಅಲ್ಲಿದ್ದವರು ಇವತ್ತಿಗೂ ತಾವು ಯಾವ ಸಾಲಿನಲ್ಲಿ ಕೂತಿದ್ದೆವು ಅಂತ ಹೇಳಬಲ್ಲರು. ಅದಾದ ಮೇಲೆ ಇನ್ನೊಬ್ಬ ಬ್ರಿಟಿಷ್ ಸವಾರ ಅಲ್ಲಿ ಗೆಲ್ಲಲು 15 ವರ್ಷ ಬೇಕಾಯಿತು: 2022ರಲ್ಲಿ ಡ್ಯಾನ್ ಬ್ಯೂಲಿ. ಕಾರ್ಡಿಫ್‌ಗೆ ಪ್ರತಿ ವರ್ಷ ಹೋದವರು ಆ ಹದಿನೈದು ವರ್ಷ ಸುಮ್ನೆ ಮೆರವಣಿಗೆ ನೋಡಲು ಹೋಗಲಿಲ್ಲ. ಇನ್ನೊಂದು 2007 ಬಂದೀತು ಅಂತ ಹೋದರು.

ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಮೊದಲ ಪಾಳಯದವನು. ನಾಲ್ಕು ಸಾವಿರ ಜನರಿದ್ದರೂ ಸರಿ, ಮಣ್ಣು ಹದವಾಗಿರಲಿ. ಬೇಲಿಗೆ ಕೈ ತಾಗುವಂತೆ ಹೊರಗಿನಿಂದ ಬಂದು ಇಬ್ಬರನ್ನು ಒಂದೇ ತಿರುವಿನಲ್ಲಿ ಹಿಂದಿಕ್ಕುವುದನ್ನು ನೋಡಿದ ಮೇಲೆ ಬೇರೆ ಏನೂ ಬೇಡ ಅನ್ನಿಸುತ್ತದೆ. ಆದರೆ ಹೊಸಬರನ್ನು ಕರೆದುಕೊಂಡು ಹೋಗುವುದಾದರೆ ದೊಡ್ಡ ಸ್ಟೇಡಿಯಂಗೇ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಮೊದಲು ಬೇಕಾದ್ದು ಆ ಸದ್ದು.

ಹಾಗೆ ಮೊದಲ ಸಲ ಹೋಗುವವರಿಗೆ ಒಂದೆರಡು ಮಾತು. ತೀರಾ ಮುಂದಿನ ಸಾಲು ಬೇಡ. ಮಣ್ಣು ಸಿಗುತ್ತದೆ, ಆದರೆ ಟ್ರ್ಯಾಕ್‌ನ ಆಚೆ ಬದಿ ಕಾಣುವುದಿಲ್ಲ. ತಿರುವಿನ ಬಳಿ, ತುಸು ಮೇಲೆ ಕೂತರೆ ನಾಲ್ವರ ದಾರಿಯೂ ಬೇರೆ ಬೇರೆಯಾಗಿ ಕಾಣುತ್ತದೆ. ಪೆನ್ ಮರೆಯಬೇಡಿ, ಅಲ್ಲಿ ಯಾರೂ ತಮ್ಮದನ್ನು ಕೊಡುವುದಿಲ್ಲ. ಮೊದಲ ನಾಲ್ಕು ಹೀಟ್‌ಗಳಲ್ಲಿ ಯಾವ ಜಾಗದಿಂದ ಹೊರಟವರು ಗೆದ್ದರು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಟ್ರ್ಯಾಕ್ಟರ್ ಬರುತ್ತದೆ. ಎಲ್ಲರೂ ತಿಂಡಿ ತರಲು ಏಳುತ್ತಾರೆ. ನೀವು ಏಳಬೇಡಿ. ಅದು ಮಣ್ಣನ್ನು ಎಲ್ಲಿಂದ ಎಲ್ಲಿಗೆ ಎಳೆಯುತ್ತಿದೆ ಅಂತ ನೋಡಿ, ಐದನೇ ಹೀಟ್ ಯಾರು ಗೆಲ್ಲುತ್ತಾರೆ ಅಂತ ಪಕ್ಕದವರಿಗೆ ಹೇಳಿ.